ಹಳತಾದ ಭಾರೀ ಯಂತ್ರ: ದುರಸ್ತಿ ಮಾಡಿಸುವುದೋ, ಬದಲಿಸುವುದೋ? ಹಂತ ಹಂತವಾಗಿ ಲೆಕ್ಕ ಹಾಕುವ ಬಗೆ

ಎಕ್ಸ್‌ಕವೇಟರ್, ಡೋಜರ್, ವೀಲ್ ಲೋಡರ್, ಗ್ರೇಡರ್ ಯಾವುದೇ ಇರಲಿ, ಹಳತಾದ ಯಂತ್ರವನ್ನು ದುರಸ್ತಿ ಮಾಡಿಸಬೇಕೋ ಮಾರಿ ಹೊಸದು ತರಬೇಕೋ ಎಂಬ ಪ್ರಶ್ನೆ ಸಾಮಾನ್ಯವಾಗಿ ಎದುರಾಗುವುದು ಕೆಟ್ಟ ಹೊತ್ತಿನಲ್ಲಿಯೇ. ಯಂತ್ರ ಕೆಲಸದ ನಡುವೆ ನಿಂತಿರುತ್ತದೆ, ಟಿಪ್ಪರ್‌ಗಳು ಸಾಲುಗಟ್ಟಿ ಕಾಯುತ್ತಿರುತ್ತವೆ, ವರ್ಕ್‌ಶಾಪಿನವರು ಅಂದಾಜು ಪಟ್ಟಿ ಕಳಿಸಿ ಸಂಜೆಯೊಳಗೆ ಒಪ್ಪಿಗೆ ಕೊಡಿ ಎನ್ನುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಎಲ್ಲರ ಕಣ್ಣೂ ಹೋಗುವುದು ಪಟ್ಟಿಯ ಕೊನೆಯಲ್ಲಿರುವ ಮೊತ್ತದ ಮೇಲೆ. ನಿಜವಾಗಿ ಬೇಕಾದ ಸಂಖ್ಯೆ ಆ ಪಟ್ಟಿಯಲ್ಲಿ ಇರುವುದೇ ಇಲ್ಲ: ಇಷ್ಟು ಹಣ ಹಾಕಿದ ಮೇಲೆ ಈ ಯಂತ್ರ ಮತ್ತೊಂದು ದೊಡ್ಡ ಖರ್ಚಿಲ್ಲದೆ ಎಷ್ಟು ಗಂಟೆ ದುಡಿಯುತ್ತದೆ? ಕೆಳಗಿನ ಹೆಜ್ಜೆಗಳೆಲ್ಲವೂ ಈ ಒಂದು ಸಂಖ್ಯೆಯನ್ನು ಆದಷ್ಟು ಪ್ರಾಮಾಣಿಕವಾಗಿ ಕಂಡುಕೊಂಡು, ಅದರ ಮೇಲೆ ಲೆಕ್ಕ ಕಟ್ಟುವುದಕ್ಕಾಗಿ ಇವೆ. ಸಾಧ್ಯವಾದರೆ ಈ ಕೆಲಸವನ್ನು ಯಂತ್ರ ಕೆಡುವ ಮೊದಲೇ, ಅದು ಇನ್ನೂ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬೇಕು.

ಮೊದಲ ಹೆಜ್ಜೆ: ದಾಖಲೆಗಳನ್ನು ಒಂದೆಡೆ ತನ್ನಿ

ಹವರ್ ಮೀಟರಿನ ಅಂಕಿ, ಸರ್ವಿಸ್ ಪುಸ್ತಕ, ಕಳೆದ ಎರಡು ಮೂರು ವರ್ಷಗಳ ದುರಸ್ತಿ ಬಿಲ್ಲುಗಳು, ಡೀಸೆಲ್ ಲೆಕ್ಕ, ಯಂತ್ರ ಕೆಟ್ಟು ನಿಂತ ಗಂಟೆಗಳ ಲೆಕ್ಕ, ಇವಿಷ್ಟೂ ಒಂದು ಕಡೆ ಸೇರಬೇಕು. ಬಿಲ್ಲುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸುವುದಕ್ಕಿಂತ ಎಂಜಿನ್, ಹೈಡ್ರಾಲಿಕ್ಸ್, ಅಂಡರ್‌ಕ್ಯಾರೇಜ್ (ಚೈನು, ರೋಲರ್‌ಗಳಿರುವ ಕೆಳಭಾಗ) ಅಥವಾ ಟೈರು, ಟ್ರಾನ್ಸ್‌ಮಿಷನ್, ಚೌಕಟ್ಟು, ವಿದ್ಯುತ್ ವ್ಯವಸ್ಥೆ ಎಂದು ಭಾಗಗಳ ಪ್ರಕಾರ ವಿಂಗಡಿಸಿದರೆ, ಹಣ ಎಲ್ಲಿಗೆ ಹರಿಯುತ್ತಿದೆ ಎಂಬುದು ಹೆಚ್ಚು ಬೇಗ ಗೋಚರಿಸುತ್ತದೆ.

ಹವರ್ ಮೀಟರನ್ನು ನಂಬುವಾಗ ಒಂದು ಎಚ್ಚರಿಕೆ ಬೇಕು. ಹತ್ತು ಸಾವಿರ ಗಂಟೆ ತೋರಿಸುವ ಎರಡು ಯಂತ್ರಗಳಲ್ಲಿ ಒಂದು ಆ ಸಮಯದ ಮೂರರಲ್ಲೊಂದು ಭಾಗವನ್ನು ನಿಂತಲ್ಲೇ ಐಡಲ್‌ನಲ್ಲಿ ಕಳೆದಿರಬಹುದು, ಇನ್ನೊಂದು ಇಡೀ ಅವಧಿ ಬಂಡೆ ಒಡೆದಿರಬಹುದು. ಎಂಜಿನ್ ಎಷ್ಟು ದುಡಿದಿದೆ ಎಂಬುದಕ್ಕೆ ಗಂಟೆಗಳಿಗಿಂತ ಅದು ಈವರೆಗೆ ಕುಡಿದ ಒಟ್ಟು ಡೀಸೆಲ್ ಹೆಚ್ಚು ನಂಬಬಹುದಾದ ಸಾಕ್ಷಿ. ಟೆಲಿಮ್ಯಾಟಿಕ್ಸ್ (ಯಂತ್ರದ ಅಂಕಿಗಳನ್ನು ದೂರಕ್ಕೆ ಕಳಿಸುವ ವ್ಯವಸ್ಥೆ) ಇರುವ ಯಂತ್ರಗಳಲ್ಲಿ ಈ ಅಂಕಿಯೂ ಐಡಲ್ ಗಂಟೆಗಳೂ ಸಿಗುತ್ತವೆ. ಇಲ್ಲದಿದ್ದರೆ ಡೀಸೆಲ್ ಬಿಲ್ಲುಗಳೇ ಗತಿ.

ವಿಂಗಡಿಸಿದ ಬಿಲ್ಲುಗಳನ್ನು ಇನ್ನೊಮ್ಮೆ ನೋಡಿ, ಯಾವುದು ಸಹಜ ಸವೆತ, ಯಾವುದು ಏಕಾಏಕಿ ಕೆಟ್ಟದ್ದು, ಯಾವುದು ಒರಟು ಚಾಲನೆಯಿಂದಲೋ ತಪ್ಪಿದ ಸರ್ವಿಸ್‌ನಿಂದಲೋ ಆದದ್ದು ಎಂದು ಗುರುತು ಹಾಕಿ. ಖರ್ಚಿನ ದೊಡ್ಡ ಪಾಲು ಮೂರನೆಯ ಬಗೆಯದಾಗಿದ್ದರೆ ಯಂತ್ರ ಬದಲಿಸುವುದರಿಂದ ಏನೂ ಬದಲಾಗುವುದಿಲ್ಲ. ಗ್ರೀಸ್ ಕಾಣದ ಪಿನ್ನು ಹೊಸ ಯಂತ್ರದಲ್ಲಿಯೂ ಅಷ್ಟೇ ಬೇಗ ಸವೆಯುತ್ತದೆ. ಹಾಗಾದಾಗ ಮೊದಲು ಸರಿಪಡಿಸಬೇಕಾದದ್ದು ಕೆಲಸದ ಪದ್ಧತಿ. ಯಂತ್ರದ ತೀರ್ಮಾನ ಆಮೇಲೆ.

ಎರಡನೆಯ ಹೆಜ್ಜೆ: ಯಂತ್ರದ ನಿಜಸ್ಥಿತಿಯನ್ನು ಅಳೆದು ತಿಳಿಯಿರಿ

ಇಡೀ ತೀರ್ಮಾನ ನಿಲ್ಲುವುದು ಈ ಹೆಜ್ಜೆಯ ಮೇಲೆ. ಹೆಚ್ಚಿನವರು ಅವಸರ ಮಾಡುವುದೂ ಇಲ್ಲಿಯೇ. ಶಬ್ದ ಕೇಳಿ, ಹೊಗೆ ನೋಡಿ ಹೇಳುವ ಅನುಭವಿ ಮೆಕ್ಯಾನಿಕ್‌ನ ಮಾತಿಗೆ ಬೆಲೆ ಇದೆ. ಆದರೆ ದೊಡ್ಡ ಮೊತ್ತ ಪಣಕ್ಕಿರುವಾಗ ಅದರ ಪಕ್ಕದಲ್ಲಿ ಅಳತೆಯೂ ಇರಬೇಕು. ಪರೀಕ್ಷೆಗೆ ಮೊದಲು ಯಂತ್ರವನ್ನು ಒತ್ತಡದ ನೀರಿನಿಂದ ಚೆನ್ನಾಗಿ ತೊಳೆಸಿ. ಕೊಳೆಯ ಕೆಳಗೆ ಸೋರಿಕೆಯೂ ಬಿರುಕೂ ಕಾಣುವುದಿಲ್ಲ.

ಎಂಜಿನ್‌ನಿಂದ ಆರಂಭಿಸೋಣ. ಎಂಜಿನ್ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಖರ್ಚು, ಆದರೆ ಅದು ಕೊಡುವ ಮಾಹಿತಿ ಬಹಳ. ಮಾದರಿಯನ್ನು ಎಂಜಿನ್ ಬಿಸಿಯಾಗಿರುವಾಗ, ಪ್ರತಿಸಲವೂ ಒಂದೇ ಜಾಗದಿಂದ, ಒಂದೇ ಅಂತರದಲ್ಲಿ, ಅಂದರೆ 250 ಅಥವಾ 500 ಗಂಟೆಗೊಮ್ಮೆ ತೆಗೆಯಬೇಕು. ಎಣ್ಣೆ ಬಸಿಯುವ ಹೊತ್ತಿನಲ್ಲಿ ತೆಗೆಯುವುದಾದರೆ ಮೊದಲ ಹನಿಗಳನ್ನೂ ಕೊನೆಯ ಹನಿಗಳನ್ನೂ ಬಿಟ್ಟು ನಡುವಿನ ಧಾರೆಯನ್ನು ಹಿಡಿಯಬೇಕು. ಒಂದೇ ವರದಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮೂರು ನಾಲ್ಕು ವರದಿಗಳ ಏರಿಳಿತ ನೋಡಬೇಕು. ಕಬ್ಬಿಣ ಮತ್ತು ಕ್ರೋಮಿಯಂ ಏರುತ್ತಿದ್ದರೆ ಲೈನರ್ ಮತ್ತು ರಿಂಗುಗಳ ಸವೆತವನ್ನು ಶಂಕಿಸಬೇಕು. ಸೀಸ ಮತ್ತು ತಾಮ್ರ ಏರಿದರೆ ಬೇರಿಂಗ್‌ಗಳ ಕಡೆ ನೋಡಬೇಕು. ತಾಮ್ರ ಮಾತ್ರ ಏರಿ ಸೀಸ ಏರದಿದ್ದರೆ ಅದು ಆಯಿಲ್ ಕೂಲರಿನಿಂದ ಬಂದಿರುವ ಸಾಧ್ಯತೆಯೂ ಇದೆ. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಏರಿದರೆ ಗಾಳಿಯ ದಾರಿಯಲ್ಲಿ ಧೂಳು ಒಳಸೇರುತ್ತಿದೆ ಎಂದರ್ಥ. ಸೋಡಿಯಂ ಮತ್ತು ಪೊಟ್ಯಾಸಿಯಂ ಕಂಡರೆ ಕೂಲೆಂಟ್ ಎಣ್ಣೆಗೆ ಇಳಿಯುತ್ತಿದೆ. ಈ ವ್ಯತ್ಯಾಸಗಳಿಂದ ತೀರ್ಮಾನವೇ ತಿರುಗುತ್ತದೆ. ಸಡಿಲವಾದ ಒಂದು ಗಾಳಿಯ ಹೋಸ್‌ನಿಂದ ಧೂಳು ಕುಡಿದ ಎಂಜಿನ್ನನ್ನು, ಆ ಹೋಸನ್ನು ಸರಿಪಡಿಸದೆ ಓವರ್‌ಹಾಲ್ ಮಾಡಿಸಿದರೆ (ಪೂರ್ತಿ ಬಿಚ್ಚಿ ಸವೆದದ್ದನ್ನೆಲ್ಲ ಬದಲಿಸಿದರೆ), ಹೊಸ ರಿಂಗುಗಳೂ ಅದೇ ದಾರಿ ಹಿಡಿಯುತ್ತವೆ.

ಎಂಜಿನ್ ಎಳೆಯುತ್ತಿಲ್ಲ ಎಂಬ ದೂರಿನಿಂದ ನೇರವಾಗಿ ಓವರ್‌ಹಾಲ್‌ಗೆ ಜಿಗಿಯಬಾರದು. ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೋದ ಹೋಸಿನಲ್ಲಿ ಸೋರಿಕೆ, ಸರಿಯಾಗಿ ಸಿಂಪಡಿಸದ ಇಂಜೆಕ್ಟರ್ ಇವುಗಳಲ್ಲಿ ಯಾವುದರಿಂದಲೂ ಅದೇ ಲಕ್ಷಣ ಬರುತ್ತದೆ. ಇವೆಲ್ಲ ಸರಿಯಿದ್ದೂ ಶಕ್ತಿ ಕಡಿಮೆ ಇದ್ದರೆ, ಕ್ರ್ಯಾಂಕ್‌ಕೇಸಿನಿಂದ ಹೊರಬರುವ ಬ್ಲೋ-ಬೈ ಗಾಳಿಯನ್ನು (ರಿಂಗುಗಳನ್ನು ದಾಟಿ ಸೋರಿದ್ದನ್ನು) ಮೀಟರ್ ಹಾಕಿ ಅಳೆದು ತಯಾರಕರ ಮಿತಿಯೊಂದಿಗೆ ಹೋಲಿಸಬೇಕು, ಸಿಲಿಂಡರ್‌ಗಳ ಕಂಪ್ರೆಷನ್ ನೋಡಬೇಕು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಸೂಚನೆ, ಕಪ್ಪು ಹೊಗೆ ಗಾಳಿ ಸಾಲದಿರುವುದರ ಅಥವಾ ಡೀಸೆಲ್ ಹೆಚ್ಚಾಗಿರುವುದರ ಸೂಚನೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಗೆ ಉರಿಯದ ಡೀಸೆಲ್ ಅಥವಾ ಕೂಲೆಂಟ್ ಕಾರಣವಾಗಿರುತ್ತದೆ.

ಹೈಡ್ರಾಲಿಕ್ಸ್‌ನ ಸ್ಥಿತಿ ತಿಳಿಯಲು ನನಗೆ ಹೆಚ್ಚು ನಂಬಿಕೆಯಿರುವ ಪರೀಕ್ಷೆ ಬಹಳ ಸರಳವಾದದ್ದು. ಸರ್ವಿಸ್‌ನಲ್ಲಿ ತೆಗೆದ ರಿಟರ್ನ್ ಫಿಲ್ಟರನ್ನು (ಎಣ್ಣೆ ಟ್ಯಾಂಕಿಗೆ ಮರಳುವ ದಾರಿಯಲ್ಲಿರುವುದನ್ನು) ಎಸೆಯುವ ಮೊದಲು ಬಿಚ್ಚಿ ನೋಡಿ. ಡಬ್ಬಿಯ ಬಗೆಯದಾದರೆ ಫಿಲ್ಟರ್ ಕಟರ್ ಬಳಸಿ ಕತ್ತರಿಸಬೇಕು. ಗರಗಸ ಹಾಕಿದರೆ ಗರಗಸದ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹರಡಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಆಯಸ್ಕಾಂತಕ್ಕೆ ಅಂಟುವ ಚೂರು ಉಕ್ಕಿನದು. ಅಂಟದೆ ಹಳದಿಯಾಗಿ ಮಿನುಗುವ ಚೂರು ಹಿತ್ತಾಳೆಯದೋ ಕಂಚಿನದೋ, ಅಂದರೆ ಹೆಚ್ಚಾಗಿ ಪಿಸ್ಟನ್ ಪಂಪ್ ಅಥವಾ ಮೋಟಾರಿನ ಒಳಗಿನಿಂದ ಬಂದದ್ದು. ಕಪ್ಪಗೆ ಮೆತ್ತಗಿರುವ ಚೂರು ಸಿಲಿಂಡರಿನ ಸೀಲು. ನುಣ್ಣನೆಯ ಹೊಳಪಿನ ಧೂಳು ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಉಗುರಿಗೆ ಸಿಗುವಷ್ಟು ದೊಡ್ಡ ಹಳದಿ ಚೂರುಗಳು ಕಂಡರೆ ಪಂಪಿಗೆ ಉಳಿದಿರುವ ಕಾಲ ಹೆಚ್ಚಿಲ್ಲ.

ಆ ಶಂಕೆಯನ್ನು ಅಳತೆಯಿಂದ ಖಚಿತಪಡಿಸಿಕೊಳ್ಳಬೇಕು. ಎಣ್ಣೆ ಕೆಲಸದ ಬಿಸಿಗೆ ಬಂದ ಮೇಲೆ ಪಂಪಿನ ಕೇಸ್ ಡ್ರೈನ್ ಹರಿವನ್ನು (ಪಂಪಿನೊಳಗೆ ಸೋರಿ ಟ್ಯಾಂಕಿಗೆ ಮರಳುವ ಎಣ್ಣೆಯನ್ನು) ಫ್ಲೋ ಮೀಟರಿನಿಂದ ಅಳೆಯಿರಿ. ಅದು ಮಿತಿ ಮೀರಿದ್ದರೆ ಪಂಪಿನೊಳಗೇ ಎಣ್ಣೆ ಸೋರುತ್ತಿದೆ. ಬೂಮ್ (ಯಂತ್ರದ ದೊಡ್ಡ ತೋಳು) ಪೂರ್ತಿ ಮೇಲೇಳುವ ಸಮಯ, ಯಂತ್ರ ಒಂದು ಸುತ್ತು ತಿರುಗುವ ಸಮಯ ಇವುಗಳನ್ನು ಸ್ಟಾಪ್‌ವಾಚ್ ಹಿಡಿದು ನೋಡಿ ಕೈಪಿಡಿಯ ಅಂಕಿಗಳೊಂದಿಗೆ ಹೋಲಿಸಿ. ಬೆಳಗಿನ ತಂಪಿನಲ್ಲಿ ಚುರುಕಾಗಿದ್ದು ಮಧ್ಯಾಹ್ನ ಸೋಮಾರಿಯಾಗುವ ಯಂತ್ರದಲ್ಲಿ ಒಳಸೋರಿಕೆ ಇರುವುದು ಬಹುಮಟ್ಟಿಗೆ ನಿಶ್ಚಿತ. ಎಲ್ಲ ಚಲನೆಗಳೂ ನಿಧಾನವಾಗಿದ್ದರೆ ಪಂಪು, ಒಂದು ಚಲನೆ ಮಾತ್ರ ನಿಧಾನವಾಗಿದ್ದರೆ ಆ ಸಿಲಿಂಡರ್ ಅಥವಾ ಅದರ ವಾಲ್ವ್ ಎಂದು ಮೊದಲ ಅಂದಾಜು ಮಾಡಬಹುದು. ಪಂಪು ಈಗಾಗಲೇ ಒಡೆದಿದ್ದರೆ ಖರ್ಚು ಪಂಪಿನ ಬೆಲೆಗೆ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಅದರ ಚೂರುಗಳು ವಾಲ್ವ್, ಸಿಲಿಂಡರ್, ಟ್ಯಾಂಕ್, ಹೋಸ್ ಎಲ್ಲ ಕಡೆ ಹರಡಿರುತ್ತವೆ. ಕೂಲರಿನ ಸಣ್ಣ ಕೊಳವೆಗಳನ್ನು ಪೂರ್ತಿ ಶುಚಿ ಮಾಡುವುದು ಎಷ್ಟು ಕಷ್ಟವೆಂದರೆ, ಅದನ್ನು ಬದಲಿಸಿಬಿಡುವುದೇ ಹಲವು ಬಾರಿ ಅಗ್ಗವಾಗುತ್ತದೆ. ಅಂದಾಜು ಪಟ್ಟಿಯಲ್ಲಿ ಶುಚಿಮಾಡುವ ಕೆಲಸ ಬಿಟ್ಟುಹೋಗಿದ್ದರೆ ಆ ಪಟ್ಟಿ ಅಪೂರ್ಣ.

ಚೈನಿನ ಮೇಲೆ ಓಡುವ ಯಂತ್ರಗಳಲ್ಲಿ, ವಿಶೇಷವಾಗಿ ಡೋಜರ್‌ಗಳಲ್ಲಿ, ಒಟ್ಟು ನಿರ್ವಹಣಾ ವೆಚ್ಚದ ಅರ್ಧದಷ್ಟನ್ನು ಅಂಡರ್‌ಕ್ಯಾರೇಜ್ ಒಂದೇ ನುಂಗಬಲ್ಲದು. ಲಿಂಕ್, ಪಿನ್ನು-ಬುಷ್ಷು, ರೋಲರ್, ಐಡ್ಲರ್, ಸ್ಪ್ರಾಕೆಟ್ ಪ್ರತಿಯೊಂದನ್ನೂ ಅಳೆದು ಎಷ್ಟು ಶೇಕಡಾ ಸವೆದಿದೆ ಎಂದು ಬರೆಸಿಕೊಳ್ಳಿ. ಬುಷ್ಷು ಒಂದು ಬದಿಯಲ್ಲಷ್ಟೇ ಸವೆಯುವುದರಿಂದ, ಸರಿಯಾದ ಹೊತ್ತಿಗೆ ಅದನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಚೈನಿಗೆ ಗಣನೀಯ ಆಯಸ್ಸು ಸಿಗುತ್ತದೆ. ಆ ಹೊತ್ತು ಮೀರಿ ಬುಷ್ಷು ತೆಳುವಾಗಿ ಬಿರುಕುಬಿಟ್ಟರೆ ಅವಕಾಶ ಮುಗಿದಂತೆ. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನು ಹಾಕಿಸುವುದು ಕಣ್ಣಾರೆ ಹಣ ಸುರಿದಂತೆ, ಏಕೆಂದರೆ ಹಲ್ಲುಗಳ ಅಂತರ ಹೊಂದದೆ ಹೊಸ ಬುಷ್ಷುಗಳು ಬೇಗ ತಿನ್ನಿಸಿಕೊಳ್ಳುತ್ತವೆ.

ಕೊನೆಗೆ ಚೌಕಟ್ಟು. ನನ್ನ ಅಭಿಪ್ರಾಯದಲ್ಲಿ ಯಂತ್ರದ ಹಣೆಬರಹ ನಿರ್ಧಾರವಾಗುವುದು ಎಂಜಿನ್‌ನಲ್ಲಿ ಅಲ್ಲ, ಇಲ್ಲಿ. ಎಂಜಿನ್ನು, ಪಂಪು, ಚೈನು ಎಲ್ಲವೂ ಕಳಚಿ ಬದಲಿಸಬಹುದಾದವು. ಮುಖ್ಯ ಚೌಕಟ್ಟು ಹಾಗಲ್ಲ. ಬೂಮಿನ ಬುಡ, ಸ್ಟಿಕ್ಕಿನ (ಬೂಮಿನ ತುದಿಗೆ ಸೇರಿದ ಸಣ್ಣ ತೋಳಿನ) ಕೀಲು, ಲೋಡರ್‌ಗಳಲ್ಲಿ ಮಧ್ಯದ ಮಡಿಸುವ ಕೀಲು, ಬಕೆಟ್ ಸಿಲಿಂಡರಿನ ಕಿವಿಗಳು ಇವುಗಳ ಸುತ್ತ ಬಣ್ಣದ ಮೇಲೆ ತೆಳುವಾದ ತುಕ್ಕಿನ ಗೆರೆ ಕಂಡರೆ ಕೆಳಗೆ ಬಿರುಕಿರುವ ಸಂಭವ ಹೆಚ್ಚು. ಬಣ್ಣ ಕೆರೆದು ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರಾವಣ) ಸಿಂಪಡಿಸಿ ಪರೀಕ್ಷಿಸಿದರೆ ಬಿರುಕು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದು ಕೆಂಪು ಗೆರೆಯಾಗಿ ಮೂಡುತ್ತದೆ. ಮೊದಲ ಬಾರಿಗೆ ಬಂದ ಬಿರುಕನ್ನು ಸರಿಯಾದ ಕ್ರಮದಲ್ಲಿ ವೆಲ್ಡ್ ಮಾಡಿಸಬಹುದು. ಹಳೆಯ ವೆಲ್ಡಿಂಗ್‌ನ ಅಂಚಿನಲ್ಲೇ ಮತ್ತೆ ಬಿರುಕು ಬಿಟ್ಟಿದ್ದರೆ ಆ ಲೋಹ ದಣಿದಿದೆ ಎಂದು ತಿಳಿಯಬೇಕು. ಅಲ್ಲಿ ಹೊಸ ಪಟ್ಟಿ ಹಾಕಿದರೂ ಬಿರುಕು ಪಟ್ಟಿಯ ಆಚೆಗೆ ಸರಿಯುತ್ತದೆ ಅಷ್ಟೆ. ಪಿನ್ನಿನ ರಂಧ್ರಗಳು ಅಂಡಾಕಾರವಾಗಿದ್ದರೆ ವೆಲ್ಡ್ ತುಂಬಿಸಿ ಲೈನ್ ಬೋರಿಂಗ್ (ರಂಧ್ರಗಳನ್ನು ಒಂದೇ ನೇರದಲ್ಲಿ ಮತ್ತೆ ಕೊರೆಯುವುದು) ಮಾಡಿಸಬಹುದು, ಅದು ಗುಣವಾಗುವ ಕಾಯಿಲೆ. ಸ್ವಿಂಗ್ ಬೇರಿಂಗ್‌ನ (ಯಂತ್ರದ ಮೇಲ್ಭಾಗ ತಿರುಗುವ ದೊಡ್ಡ ಬೇರಿಂಗ್‌ನ) ಸಡಿಲತೆಯನ್ನು ಮಾತ್ರ ಡಯಲ್ ಗೇಜ್ ಇಟ್ಟು ಅಳೆದೇ ನೋಡಬೇಕು; ಎಕ್ಸ್‌ಕವೇಟರ್‌ನಲ್ಲಿ ಅದರ ಬದಲಾವಣೆ ದುಬಾರಿ ಬಾಬತ್ತುಗಳಲ್ಲೊಂದು.

ವಿದ್ಯುತ್ ವ್ಯವಸ್ಥೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾದರಿಯ ಕಂಟ್ರೋಲರ್, ಡಿಸ್‌ಪ್ಲೇ, ವೈರಿಂಗ್ ಹಾರ್ನೆಸ್ ಇಂದಿಗೂ ತಯಾರಾಗುತ್ತಿವೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮೂರನೆಯ ಹೆಜ್ಜೆ: ಲೆಕ್ಕಕ್ಕೆ ಮೊದಲು ಸುರಕ್ಷತೆ

ಬ್ರೇಕ್, ಸ್ಟೀರಿಂಗ್, ಭಾರ ಹಿಡಿದಿಡುವ ವಾಲ್ವ್‌ಗಳು ಮತ್ತು ಆಪರೇಟರ್ ಕ್ಯಾಬಿನ್ ಈ ನಾಲ್ಕರ ಮಟ್ಟಿಗೆ ಚೌಕಾಸಿ ಸಲ್ಲದು. ಯಂತ್ರ ಮಗುಚಿದಾಗ ಆಪರೇಟರನ್ನು ಕಾಪಾಡುವ ಆರ್‌ಒಪಿಎಸ್ ಚೌಕಟ್ಟನ್ನು ಡೋಜರ್, ಲೋಡರ್, ಗ್ರೇಡರ್‌ಗಳಲ್ಲಿ ಐಎಸ್ಒ 3471 ಮಾನದಂಡದ ಪ್ರಕಾರ ಪರೀಕ್ಷಿಸಿ ತಯಾರಿಸಿರುತ್ತಾರೆ. ಒಮ್ಮೆ ಮಗುಚಿ ಬಾಗಿದ್ದನ್ನೋ ಬಿರುಕುಬಿಟ್ಟದ್ದನ್ನೋ ತಯಾರಕರ ಒಪ್ಪಿಗೆಯಿಲ್ಲದೆ ನೆಟ್ಟಗೆ ಮಾಡಿ ವೆಲ್ಡ್ ಮಾಡಿದರೆ ಆ ರಕ್ಷಣೆ ಉಳಿದಿದೆ ಎನ್ನಲಾಗದು. ಇವುಗಳನ್ನು ಸರಿಪಡಿಸಲು ಬೇಕಾದ ಪೂರ್ತಿ ಮೊತ್ತ ದುರಸ್ತಿಯ ಪಟ್ಟಿಯಲ್ಲಿ ಸೇರಲೇಬೇಕು. ಸೇರಿಸಿದಾಗ ಲೆಕ್ಕ ಹೊಂದದಿದ್ದರೆ ಯಂತ್ರವನ್ನು ಕೆಲಸದಿಂದ ತೆಗೆಯಬೇಕೇ ಹೊರತು ಆ ಬಾಬತ್ತನ್ನು ಪಟ್ಟಿಯಿಂದ ತೆಗೆಯಬಾರದು.

ನಾಲ್ಕನೆಯ ಹೆಜ್ಜೆ: ಕೆಟ್ಟ ಭಾಗಕ್ಕಷ್ಟೇ ಅಲ್ಲದೆ ಇಡೀ ಯಂತ್ರಕ್ಕೆ ಅಂದಾಜು ಹಾಕಿಸಿ

ವರ್ಕ್‌ಶಾಪಿನ ಅಂದಾಜು ಇಂದು ಕೆಟ್ಟಿರುವುದರ ಬಗ್ಗೆ ಮಾತ್ರ ಹೇಳುತ್ತದೆ. ನಿಮಗೆ ಬೇಕಾದದ್ದು ಮುಂದಿನ ಮೂರು ನಾಲ್ಕು ಸಾವಿರ ಗಂಟೆಗಳಲ್ಲಿ ಬರಲಿರುವ ಖರ್ಚಿನ ಪಟ್ಟಿ. ಎರಡನೆಯ ಹೆಜ್ಜೆಯ ಅಳತೆಗಳನ್ನು ಮುಂದಿಟ್ಟುಕೊಂಡು ಪ್ರತಿ ಭಾಗದ ಎದುರು ಮೂರು ಸಂಗತಿ ಬರೆಯಿರಿ: ಉಳಿದಿರುವ ಅಂದಾಜು ಗಂಟೆ, ಬದಲಿಸಲು ಬೇಕಾಗುವ ಹಣ, ಯಂತ್ರ ನಿಲ್ಲುವ ದಿನಗಳು. ಎಂಜಿನ್ ಓವರ್‌ಹಾಲ್ ಮಾಡಿಸಿದ ಆರೇ ತಿಂಗಳಲ್ಲಿ ಟ್ರಾನ್ಸ್‌ಮಿಷನ್ ಕೈಕೊಡುವುದು ದುರದೃಷ್ಟ ಎಂದುಕೊಳ್ಳುವವರಿದ್ದಾರೆ. ದುರ್ಬಲ ಎಂಜಿನ್ನಿನೊಂದಿಗೆ ಹೇಗೋ ಹೊಂದಿಕೊಂಡಿದ್ದ ಸವೆದ ಟ್ರಾನ್ಸ್‌ಮಿಷನ್ ಮೇಲೆ ಪೂರ್ಣ ಶಕ್ತಿ ಬಂದು ಬಿದ್ದರೆ ಹಾಗಾಗುವುದು ಆಶ್ಚರ್ಯವೇನಲ್ಲ. ಹೀಗೆ ಒಂದರ ಹಿಂದೊಂದು ಬರಲಿರುವ ಕೆಲಸಗಳನ್ನು ಯಂತ್ರ ಬಿಚ್ಚಿರುವಾಗಲೇ ಒಟ್ಟಿಗೆ ಮಾಡಿಸಿದರೆ ಕೂಲಿಯೂ ನಿಲುಗಡೆಯೂ ಉಳಿಯುತ್ತದೆ. ಒಟ್ಟಿಗೆ ಮಾಡಿಸಿದಾಗಿನ ಮೊತ್ತವನ್ನೇ ಮುಂದಿನ ಲೆಕ್ಕಕ್ಕೆ ತೆಗೆದುಕೊಳ್ಳಿ.

ದುರಸ್ತಿ ವೆಚ್ಚ ಹೊಸ ಯಂತ್ರದ ಬೆಲೆಯ ಅರ್ಧ ದಾಟಿದರೆ ಬದಲಿಸಿ ಎಂಬ ಒಂದು ರೂಢಿಯ ಸೂತ್ರವಿದೆ. ಮೊದಲ ಜರಡಿಯಾಗಿ ಅದು ತಪ್ಪಲ್ಲ. ಆದರೆ ಆ ದುರಸ್ತಿಯಿಂದ ಎರಡು ಸಾವಿರ ಗಂಟೆ ಸಿಗುತ್ತದೋ ಎಂಟು ಸಾವಿರ ಗಂಟೆ ಸಿಗುತ್ತದೋ ಎಂಬುದನ್ನು ಆ ಸೂತ್ರ ಕೇಳುವುದೇ ಇಲ್ಲವಾದ್ದರಿಂದ, ಅದರ ಮೇಲೆ ಮಾತ್ರ ತೀರ್ಮಾನ ನಿಲ್ಲಿಸುವುದು ಅಪಾಯ.

ಐದನೆಯ ಹೆಜ್ಜೆ: ಗಂಟೆಯ ಲೆಕ್ಕ

ಹಿಂದೆ ಖರ್ಚಾದ ಹಣವನ್ನು ಈ ಲೆಕ್ಕಕ್ಕೆ ತರಬಾರದು. ಕಳೆದ ವರ್ಷವಷ್ಟೇ ಪಂಪಿಗೆ ದೊಡ್ಡ ಮೊತ್ತ ಸುರಿದಿದ್ದೇವೆ, ಈಗ ಹೇಗೆ ಮಾರುವುದು ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಆ ಹಣ ಹೋಯಿತು. ಅದರಿಂದ ಪಂಪಿನ ಉಳಿದ ಆಯಸ್ಸು ಹೆಚ್ಚಿದೆಯೇ, ಮಾರಾಟದ ಬೆಲೆ ಏರಿದೆಯೇ ಎಂಬುದಷ್ಟೇ ಈಗ ಲೆಕ್ಕಕ್ಕೆ ಬರುವ ವಿಷಯ. ಇದಕ್ಕೆ ತದ್ವಿರುದ್ಧವಾಗಿ, ಇದ್ದ ಸ್ಥಿತಿಯಲ್ಲೇ ಯಂತ್ರವನ್ನು ಇಂದು ಮಾರಿದರೆ ಬರುವ ಹಣವನ್ನು ಲೆಕ್ಕದಿಂದ ಬಿಡಲೇಬಾರದು. ಯಂತ್ರವನ್ನು ಉಳಿಸಿಕೊಂಡರೆ ಆ ಹಣವನ್ನು ಅದರಲ್ಲೇ ಹೂಡಿದಂತೆ. ಆ ಬೆಲೆಯನ್ನು ಜಾಹೀರಾತುಗಳಲ್ಲಿ ಕೇಳುವ ಬೆಲೆಯಿಂದ ತಿಳಿಯಬಾರದು, ಅದೇ ಮಾದರಿಯ, ಅಷ್ಟೇ ಗಂಟೆಯ ಯಂತ್ರಗಳು ನಿಜವಾಗಿ ಮಾರಾಟವಾದ ಬೆಲೆಯಿಂದ ತಿಳಿಯಬೇಕು. ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಉಳಿದಿರುವ ಮೌಲ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ತೆರಿಗೆಯ ಪರಿಣಾಮವೇನು ಎಂಬುದನ್ನು ಲೆಕ್ಕಪರಿಶೋಧಕರೊಂದಿಗೆ ಬೇರೆಯಾಗಿ ಕೂತು ನೋಡಬೇಕು.

ಈಗ ಒಂದು ಉದಾಹರಣೆ. ಹೊಸ ಯಂತ್ರದ ಬೆಲೆ 100 ಎಂದಿಟ್ಟುಕೊಳ್ಳೋಣ. ಉಳಿದ ಅಂಕಿಗಳೆಲ್ಲ ಅದಕ್ಕೆ ಹೋಲಿಸಿದವು. ಬಡ್ಡಿ ವರ್ಷಕ್ಕೆ ಶೇ. 10, ಕೆಲಸ ವರ್ಷಕ್ಕೆ 1,500 ಗಂಟೆ. ಹೊಸ ಯಂತ್ರವನ್ನು 6 ವರ್ಷ ಇಟ್ಟುಕೊಂಡು 30ಕ್ಕೆ ಮಾರುತ್ತೇವೆ ಎಂದುಕೊಂಡರೆ, ಕರಗುವ 70ನ್ನು ಬಡ್ಡಿ ಸಹಿತ 6 ವರ್ಷಗಳಿಗೆ ಹಂಚಬೇಕು. ಸಾಲದ ಸಮಾನ ಕಂತು ಲೆಕ್ಕ ಹಾಕುವ ಸೂತ್ರವೇ ಇದು, ಸ್ಪ್ರೆಡ್‌ಶೀಟಿನ ಪಿಎಂಟಿ ಸೂತ್ರದಿಂದ ಸಿಗುತ್ತದೆ. ಶೇ. 10ರಲ್ಲಿ 6 ವರ್ಷಕ್ಕೆ ಗುಣಾಂಕ 0.2296, ಆದ್ದರಿಂದ ವರ್ಷಕ್ಕೆ ಸುಮಾರು 16.1. ಕೊನೆಯಲ್ಲಿ ವಾಪಸು ಬರುವ 30ರ ಮೇಲಿನ ಬಡ್ಡಿ 3. ನಿರ್ವಹಣೆಗೆ ಸರಾಸರಿ 4 ಸೇರಿಸಿದರೆ ವರ್ಷಕ್ಕೆ 23.1. ವರ್ಷಕ್ಕೆ 30 ಗಂಟೆ ಕೆಟ್ಟು ನಿಲ್ಲುತ್ತದೆ ಎಂದು ಕಳೆದು 1,470 ಗಂಟೆಗೆ ಹಂಚಿದರೆ ಸಾವಿರ ಗಂಟೆಗೆ 15.7 ಬೀಳುತ್ತದೆ.

ಹಳೆಯ ಯಂತ್ರದ ಇಂದಿನ ಮಾರಾಟ ಬೆಲೆ 15, ಒಟ್ಟು ದುರಸ್ತಿ 35, ಕೊನೆಗೆ ಮಾರಿದರೆ ಬರುವುದು 10. ಕರಗುವುದು 40. ನಿರ್ವಹಣೆ ವರ್ಷಕ್ಕೆ 7, ಕೆಟ್ಟು ನಿಲ್ಲುವುದು 100 ಗಂಟೆ. ದುರಸ್ತಿಯ ನಂತರ ಯಂತ್ರ 3 ವರ್ಷ ದುಡಿದರೆ ಗುಣಾಂಕ 0.4021, ವರ್ಷದ ವೆಚ್ಚ 16.1, ಕೊನೆಗೆ ಬರುವ 10ರ ಮೇಲಿನ ಬಡ್ಡಿ 1, ನಿರ್ವಹಣೆ 7, ಒಟ್ಟು 24.1. ಇದನ್ನು 1,400 ಗಂಟೆಗೆ ಹಂಚಿದರೆ ಸಾವಿರ ಗಂಟೆಗೆ 17.2, ಹೊಸದೇ ಅಗ್ಗ. ಅದೇ ದುರಸ್ತಿ 4 ವರ್ಷ ಬಾಳಿದರೆ ಗುಣಾಂಕ 0.3155ಕ್ಕೆ ಇಳಿದು ಸಾವಿರ ಗಂಟೆಗೆ 14.7 ಆಗುತ್ತದೆ, ಈಗ ದುರಸ್ತಿಯೇ ಅಗ್ಗ. ಎರಡೂ ಸಮನಾಗುವುದು ಸುಮಾರು ಮೂರೂವರೆ ವರ್ಷದಲ್ಲಿ, ಅಂದರೆ ಸುಮಾರು 4,900 ಗಂಟೆಗಳಲ್ಲಿ. ದುರಸ್ತಿಯ ಮೊತ್ತ ಒಂದು ಪೈಸೆಯೂ ಬದಲಾಗದೆ ತೀರ್ಮಾನ ತಿರುಗಿತು ಎಂಬುದನ್ನು ಗಮನಿಸಿ. ಹಾಗಾಗಿ ಈಗ ವರ್ಕ್‌ಶಾಪಿನವರನ್ನೂ ನಿಮ್ಮ ಮೆಕ್ಯಾನಿಕ್ಕನ್ನೂ ಎದುರಿಗೆ ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆ ನಿಖರವಾಗಿದೆ: ಅಳತೆಗಳನ್ನು ನೋಡಿದ ಮೇಲೆ, ಈ ಯಂತ್ರ 4,900 ಗಂಟೆ ದೊಡ್ಡ ಖರ್ಚಿಲ್ಲದೆ ಓಡುತ್ತದೆ ಎಂದು ಹೇಳಲು ಆಧಾರವೇನು? ಚೌಕಟ್ಟು ಗಟ್ಟಿಯಿದ್ದು ಸ್ವಿಂಗ್ ಬೇರಿಂಗ್ ಮಿತಿಯೊಳಗಿದ್ದರೆ ಆಧಾರ ಇದೆ. ವೆಲ್ಡ್ ಮೇಲೆ ವೆಲ್ಡ್ ಬಿದ್ದಿರುವ ಬೂಮ್ ಇದ್ದರೆ ಇಲ್ಲ.

ಈ ಉದಾಹರಣೆಯಲ್ಲಿ ಡೀಸೆಲ್ ಮತ್ತು ಆಪರೇಟರ್ ವೆಚ್ಚ ಎರಡಕ್ಕೂ ಒಂದೇ ಎಂದು ಬಿಟ್ಟಿದ್ದೇನೆ. ಹೊಸ ಯಂತ್ರ ಕಡಿಮೆ ಡೀಸೆಲ್ ಕುಡಿಯುವುದಾದರೆ ಆ ವ್ಯತ್ಯಾಸವನ್ನು ಸೇರಿಸಬೇಕು. ಆದರೆ ಮಾರಾಟದ ಕರಪತ್ರದ ಅಂಕಿ ಸಾಲದು. ಪ್ರಾತ್ಯಕ್ಷಿಕೆಗೆ ಯಂತ್ರ ತರಿಸಿ, ನಿಮ್ಮದೇ ಆಪರೇಟರ್ ಕೈಯಲ್ಲಿ, ನಿಮ್ಮದೇ ಮಣ್ಣಿನಲ್ಲಿ ಎರಡನ್ನೂ ಅಕ್ಕಪಕ್ಕ ದುಡಿಸಿ, ಗಂಟೆಗೆ ಎಷ್ಟು ಲೀಟರ್ ಎನ್ನುವುದರ ಬದಲು ಒಂದು ಲೀಟರಿಗೆ ಎಷ್ಟು ಮಣ್ಣು ಸಾಗಿತು ಎಂದು ನೋಡಿ.

ಆರನೆಯ ಹೆಜ್ಜೆ: ಯಂತ್ರ ನಿಂತರೆ ಏನೇನು ನಿಲ್ಲುತ್ತದೆ?

ಮೇಲಿನ ಲೆಕ್ಕದಲ್ಲಿ ನಿಲುಗಡೆಯನ್ನು ಕಳೆದುಹೋದ ಗಂಟೆಗಳಾಗಿ ಮಾತ್ರ ಎಣಿಸಿದ್ದೇವೆ. ಹಲವು ಟಿಪ್ಪರ್‌ಗಳಿಗೆ ಮಣ್ಣು ತುಂಬುವ ಒಂದೇ ಎಕ್ಸ್‌ಕವೇಟರ್ ನಿಂತರೆ ಆ ಟಿಪ್ಪರ್‌ಗಳೂ ಅವುಗಳ ಚಾಲಕರೂ ನಿಲ್ಲುತ್ತಾರೆ, ಗಡುವು ಮೀರಿದರೆ ದಂಡವೂ ಬೀಳಬಹುದು. ಅಂಥ ಯಂತ್ರಕ್ಕೆ ಹೆಚ್ಚುವರಿಯಾಗಿ ನಿಲ್ಲುವ ಪ್ರತಿ ಗಂಟೆಯ ನಷ್ಟವನ್ನು ಲೆಕ್ಕ ಹಾಕಿ ಹಳೆಯದರ ಖಾತೆಗೆ ಸೇರಿಸಬೇಕು. ಬಹಳ ಬಾರಿ ತಕ್ಕಡಿ ಹೊಸದರ ಕಡೆ ವಾಲುವುದು ಇದರಿಂದಲೇ. ಅದೇ ವಯಸ್ಸಿನ, ಅದೇ ಸ್ಥಿತಿಯ ಯಂತ್ರ ಅಂಗಳದಲ್ಲಿ ಎರಡನೆಯ ಯಂತ್ರವಾಗಿ, ಬೇಕಾದಾಗ ಕೈಗೆ ಬರುವಂತೆ ನಿಂತಿದ್ದರೆ ಈ ನಷ್ಟ ಇಲ್ಲವೇ ಇಲ್ಲ ಎನ್ನಬಹುದು. ಆದ್ದರಿಂದ ಹಳೆಯ ಯಂತ್ರವನ್ನು ಮುಖ್ಯ ಕೆಲಸದಿಂದ ಬಿಡಿಸಿ ಹಗುರ ಕೆಲಸಕ್ಕೆ ಇಟ್ಟುಕೊಳ್ಳುವುದೂ ಒಂದು ತೀರ್ಮಾನವೇ.

ಏಳನೆಯ ಹೆಜ್ಜೆ: ಮುಂದಿರುವ ಕೆಲಸ ಎಷ್ಟು?

ಅದೇ ಉದಾಹರಣೆಯಲ್ಲಿ ಕೆಲಸ ವರ್ಷಕ್ಕೆ 1,500 ಗಂಟೆಯ ಬದಲು 500 ಗಂಟೆ ಮಾತ್ರ ಇದೆ ಎಂದುಕೊಳ್ಳಿ. ಹೊಸದನ್ನು 6 ವರ್ಷದ ನಂತರ 45ಕ್ಕೆ ಮಾರಿದರೂ, ನಿರ್ವಹಣೆ ವರ್ಷಕ್ಕೆ 1.5 ಮಾತ್ರ ಆದರೂ, ಸಾವಿರ ಗಂಟೆಗೆ ಸುಮಾರು 37 ಬೀಳುತ್ತದೆ. ದುರಸ್ತಿಯಾದ ಹಳೆಯದು 6 ವರ್ಷಗಳಲ್ಲಿ ಓಡಬೇಕಾದದ್ದು 3,000 ಗಂಟೆಯಷ್ಟೇ. ಕೊನೆಗೆ 5ಕ್ಕೆ ಹೋಗುತ್ತದೆ, ನಿರ್ವಹಣೆ 2.5 ಎಂದಿಟ್ಟರೂ ಸಾವಿರ ಗಂಟೆಗೆ ಸುಮಾರು 27. ಕಡಿಮೆ ಓಡುವ ಯಂತ್ರಕ್ಕೆ ಬದಲಾವಣೆ ಸಾಮಾನ್ಯವಾಗಿ ದುಬಾರಿ. ಇನ್ನೂ ಕಡಿಮೆ ಓಡುವುದಾದರೆ ಎರಡನ್ನೂ ಬಿಟ್ಟು ಬಾಡಿಗೆಗೆ ತರಿಸುವುದನ್ನು ನೋಡಬೇಕು.

ಗಂಟೆಗಳ ಜೊತೆಗೆ ಕೆಲಸದ ಬಗೆಯನ್ನೂ ನೋಡಿ. ಮುಂದಿನ ಗುತ್ತಿಗೆಗಳು ಹಳೆಯ ಹೊಗೆ-ನಿಯಮದ ಮಟ್ಟದ ಎಂಜಿನ್ ಇರುವ ಯಂತ್ರಗಳನ್ನು ಒಳಗೆ ಬಿಡದಿದ್ದರೆ, ಗಾತ್ರವೇ ಬೇರೆ ಬೇಕಾಗಿದ್ದರೆ, ಎಷ್ಟು ಚೆನ್ನಾಗಿ ದುರಸ್ತಿಯಾದರೂ ಪ್ರಯೋಜನವಿಲ್ಲ. ಇನ್ನೊಂದು ಕಡೆ, ಹೊಸ ಯಂತ್ರಗಳಲ್ಲಿ ಹೊಗೆ ಶುದ್ಧೀಕರಿಸುವ ಫಿಲ್ಟರ್, ಯೂರಿಯಾ ದ್ರಾವಣದ ವ್ಯವಸ್ಥೆ, ಹತ್ತಾರು ಸೆನ್ಸರ್‌ಗಳು ಬಂದಿವೆ. ದೋಷ ಪತ್ತೆಗೆ ತಯಾರಕರ ಸಾಫ್ಟ್‌ವೇರ್ ಬೇಕು. ಸರ್ವಿಸ್ ಕೇಂದ್ರದಿಂದ ಬಹು ದೂರದಲ್ಲಿ ದುಡಿಯುವ ಯಂತ್ರಕ್ಕೆ ಇದು ಸಣ್ಣ ಸಂಗತಿಯಲ್ಲ; ಸ್ಪ್ಯಾನರ್ ಹಿಡಿದು ಸರಿಪಡಿಸಬಹುದಾದ ಹಳೆಯ ಎಂಜಿನ್ ಅಲ್ಲಿ ಹೆಚ್ಚು ಗಂಟೆ ಓಡಿದರೆ ಆಶ್ಚರ್ಯವಿಲ್ಲ.

ಎಂಟನೆಯ ಹೆಜ್ಜೆ: ನಡುವಿನ ದಾರಿಗಳನ್ನೂ ಅದೇ ಲೆಕ್ಕಕ್ಕೆ ಹಾಕಿ

ಕೆಟ್ಟ ಎಂಜಿನ್ ಅಥವಾ ಪಂಪ್ ಕೊಟ್ಟು ಕಾರ್ಖಾನೆಯಲ್ಲಿ ಮರುನಿರ್ಮಿಸಿದ್ದನ್ನು ವಿನಿಮಯದಲ್ಲಿ ಪಡೆಯುವುದು, ಕಡಿಮೆ ಗಂಟೆಯ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವುದು, ದೀರ್ಘ ಬಾಡಿಗೆ, ಅಥವಾ ಒಂದು ಕೆಲಸ ಮುಗಿಯುವವರೆಗೆ ತಾತ್ಕಾಲಿಕ ದುರಸ್ತಿ ಮಾಡಿಸಿ ಆಮೇಲೆ ಮಾರುವುದು, ಇವೆಲ್ಲವನ್ನೂ ಸಾವಿರ ಗಂಟೆಯ ವೆಚ್ಚಕ್ಕೆ ಇಳಿಸಿ ಹೋಲಿಸಬಹುದು. ಮರುನಿರ್ಮಿತ ಭಾಗಗಳಿಗೆ ವಾರಂಟಿ ಇರುತ್ತದೆ, ಯಂತ್ರ ನಿಲ್ಲುವ ದಿನಗಳೂ ಕಡಿಮೆ. ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಎರಡನೆಯ ಹೆಜ್ಜೆಯ ಪರೀಕ್ಷೆಗಳೆಲ್ಲ ಅನ್ವಯಿಸುತ್ತವೆ. ನಿಮ್ಮ ಹಳೆಯ ಯಂತ್ರದ ಇತಿಹಾಸವಾದರೂ ನಿಮಗೆ ಗೊತ್ತು, ಅದರದು ಗೊತ್ತಿಲ್ಲ.

ಒಂಬತ್ತನೆಯ ಹೆಜ್ಜೆ: ತೀರ್ಮಾನವಾದ ಮೇಲೆ

ಮಾರುವುದೆಂದಾದರೆ ಮಾರುವ ಮೊದಲು ದೊಡ್ಡ ದುರಸ್ತಿ ಮಾಡಿಸಬೇಡಿ, ಆ ಹಣ ಪೂರ್ತಿ ವಾಪಸು ಬರುವುದು ಅಪರೂಪ. ಸಣ್ಣ ಸೋರಿಕೆ, ಒಡೆದ ಗಾಜು, ಕೆಟ್ಟ ದೀಪ ಸರಿಪಡಿಸಿ, ತೊಳೆಸಿ, ಸರ್ವಿಸ್ ದಾಖಲೆಗಳನ್ನೂ ಎಣ್ಣೆ ವರದಿಗಳನ್ನೂ ಕೊಳ್ಳುವವರ ಮುಂದಿಡಿ. ಗೊತ್ತಿರುವ ದೋಷವನ್ನು ಹೇಳಿಯೇ ಮಾರಿ. ಹೊಸ ಯಂತ್ರ ಕೈಗೆ ಬರುವ ದಿನ ಖಚಿತವಾಗುವವರೆಗೆ ಹಳೆಯದನ್ನು ಕಳಿಸಬಾರದು.

ದುರಸ್ತಿಯೆಂದಾದರೆ ಏನೇನು ಬದಲಿಸುತ್ತಾರೆ, ಯಾವ ಭಾಗ ಮೂಲ ತಯಾರಕರದು, ಬಿಚ್ಚಿದ ಮೇಲೆ ಹೊಸ ದೋಷ ಕಂಡರೆ ಯಾರ ಒಪ್ಪಿಗೆ ಬೇಕು, ವಾರಂಟಿ ಎಷ್ಟು ಗಂಟೆಯದು ಎಂಬುದನ್ನೆಲ್ಲ ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ತೋರಿಸಲು ಹೇಳಿ. ಹೈಡ್ರಾಲಿಕ್ ಕೆಲಸವಾಗಿದ್ದರೆ ಯಂತ್ರ ಪಡೆಯುವಾಗ ಐಎಸ್ಒ 4406 ಪ್ರಕಾರ ಎಣ್ಣೆಯ ಶುದ್ಧತೆಯ ವರದಿ ಕೇಳಿ. ಅದರಲ್ಲಿ 18/16/13 ಎಂಬಂತೆ, ಮೂರು ಗಾತ್ರದ ಕಣಗಳ ಪ್ರಮಾಣ ಹೇಳುವ ಮೂರು ಸಂಖ್ಯೆಗಳಿರುತ್ತವೆ. ಒಂದೊಂದು ಸಂಖ್ಯೆ ಏರಿದಾಗಲೂ ಎಣ್ಣೆಯಲ್ಲಿರುವ ಕಣಗಳು ಸುಮಾರು ಇಮ್ಮಡಿಯಾಗುತ್ತವೆ, ಹಾಗಾಗಿ ತಯಾರಕರ ಗುರಿಗಿಂತ ಎರಡು ಮೂರು ಅಂಕ ಹೆಚ್ಚಿದ್ದರೆ ಒಪ್ಪಿಕೊಳ್ಳಬಾರದು. ಮೊದಲ 250 ಗಂಟೆಗೆ ಎಣ್ಣೆಯ ಮಾದರಿ ಕಳಿಸಿ, ಫಿಲ್ಟರ್ ಬಿಚ್ಚಿ ನೋಡಿ, ಸ್ಟಾಪ್‌ವಾಚಿನ ಅಂಕಿಗಳನ್ನು ಮತ್ತೆ ಬರೆದಿಡಿ.

ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲಿ ಸಮನಾಗುವ ಗಂಟೆಯನ್ನೂ, ಇನ್ನು ಮುಂದೆ ಒಂದೇ ಬಾರಿಗೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತವನ್ನೂ ಬರೆದು, ಪ್ರತಿ ಸಾವಿರ ಗಂಟೆಗೊಮ್ಮೆ ಉಳಿದ ಗಂಟೆಗಳಿಗೆ ತಕ್ಕಂತೆ ಆ ಮೊತ್ತವನ್ನು ಇಳಿಸುತ್ತ ಬನ್ನಿ. ಮುಂದಿನ ಅಂದಾಜು ಪಟ್ಟಿ ಆ ಮೊತ್ತವನ್ನು ದಾಟಿದ ದಿನ ಹೊಸ ಯಂತ್ರದ ದರಪಟ್ಟಿ ತರಿಸಬಹುದು.